ರಂಜಿನಿ ಮಿಸ್ ತಿದ್ದಿದ ಐದು ವಾಕ್ಯ

ರಂಜಿನಿಗೆ ಒಂದು ಕಡೆ ನೆಟ್ಟಗೆ ಕೂತು ಗೊತ್ತಿಲ್ಲ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿದ್ದರೂ ಸ್ಟ್ಯಾಂಡಿನ ಆ ತುದಿಯಿಂದ ಈ ತುದಿಗೆ ಓಡಾಡುತ್ತಾಳೆ. ಪಾಠ ಮಾಡುವಾಗಲೂ ಅಷ್ಟೇ, ಬೋರ್ಡಿನಿಂದ ಹಿಂದಿನ ಬೆಂಚಿಗೆ, ಅಲ್ಲಿಂದ ಕಿಟಕಿಗೆ. ‘ಒಂದ್ ಗಳಿಗೆ ಕುಂತ್ಕೊಂಡು ಉಣ್ಣಕಾಗಲ್ವೇನೆ ನಿಂಗೆ’ ಎಂದು ಅವ್ವ ಸಣ್ಣಕ್ಕ ದಿನಾ ಗೊಣಗುತ್ತಾಳೆ.

ಕೂರಲು ಬಿಡದಿದ್ದದ್ದು ಕೆಲಸ. ಹಾಸನದ ಹತ್ತಿರ ಮೊಸಳೆ ಅನ್ನುವ ಊರಿನ ಪಾಪಯ್ಯನ ಮಗಳು ಬಿ.ಎಡ್. ಮುಗಿಸಿ ಏಳು ವರ್ಷದಿಂದ ಇಂಗ್ಲಿಷಿನ ಅತಿಥಿ ಶಿಕ್ಷಕಿ. ಜೂನಿನಲ್ಲಿ ಕರೆಯುತ್ತಾರೆ, ಮಾರ್ಚ್ ಕೊನೆಗೆ ಸಾಕು ಅನ್ನುತ್ತಾರೆ. ಮುಂದಿನ ವರ್ಷ ಯಾವ ಶಾಲೆಯೋ, ಶಾಲೆಯೇ ಸಿಗುತ್ತದೋ ಇಲ್ಲವೋ, ಯಾರಿಗೂ ಗೊತ್ತಿರುವುದಿಲ್ಲ. ಹೊಳೆನರಸೀಪುರ ಆಯಿತು, ಅರಕಲಗೂಡು ಎರಡು ಸಲ ಆಯಿತು. ಆ ವರ್ಷ ಸಿಕ್ಕಿದ್ದು ದಂಡಿಗನಹಳ್ಳಿ ಕಡೆಯ ಒಂದು ಸರ್ಕಾರಿ ಹೈಸ್ಕೂಲು. ಮೊಸಳೆಯಿಂದ ಹಾಸನ, ಹಾಸನದಿಂದ ಇನ್ನೊಂದು ಬಸ್ಸು, ಇಳಿದ ಮೇಲೆ ಮುಕ್ಕಾಲು ಮೈಲಿ ನಡಿಗೆ.

ಫೆಬ್ರವರಿಯ ಒಂದು ಶುಕ್ರವಾರ ಹತ್ತನೇ ಕ್ಲಾಸಿಗೆ ಅವಳು ವ್ಯಾಕರಣ ಹೇಳುತ್ತಿದ್ದಳು. ಕನ್ನಡದಲ್ಲಿ ಎಲ್ಲಕ್ಕೂ ‘ಬೇಕು’ ಒಂದೇ ಸಾಕು, ಇಂಗ್ಲಿಷಿನಲ್ಲಿ ಹಾಗಲ್ಲ. ನಮಗೆ ನಾವೇ ಹೇಳಿಕೊಂಡ ಬೇಕು ‘ಮಸ್ಟ್’. ಬೇರೆಯವರು ತಂದು ತಲೆ ಮೇಲೆ ಇಟ್ಟ ಬೇಕು ‘ಹ್ಯಾವ್ ಟು’. ಮಾಡಿದರೆ ಒಳ್ಳೆಯದು ಅನ್ನುವುದು ‘ಶುಡ್’. ‘ಮಸ್ಟ್ ನಾಟ್’ ಅಂದರೆ ಮಾಡಕೂಡದು, ‘ಡೋಂಟ್ ಹ್ಯಾವ್ ಟು’ ಅಂದರೆ ಮಾಡಬೇಕಾಗಿಲ್ಲ. ಇವೆರಡನ್ನು ಮಕ್ಕಳು ಯಾವಾಗಲೂ ಕಲಸಿಬಿಡುತ್ತವೆ. ಅದಕ್ಕೇ, ನಿಮ್ಮ ನಿಮ್ಮ ಮನೆಯ ವಿಷಯ ಇಟ್ಟುಕೊಂಡು ಐದು ವಾಕ್ಯ ಬರೆಯಿರಿ ಅಂದಳು.

ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು. ನಿಂತುಕೊಂಡೇ ಸರಸರನೆ ತಿದ್ದಿದಳು. ಸ್ನೇಹಲತಾಳ ಪುಸ್ತಕದಲ್ಲಿ ‘ವೇರ್ ಸ್ಯಾರಿ’ ಅನ್ನುವಲ್ಲಿ ನಡುವೆ ಒಂದು ‘ಎ’ ಸೇರಿಸಿ, ಉಳಿದದ್ದಕ್ಕೆ ರೈಟ್ ಹಾಕಿ, ಕೆಳಗೆ ‘ಗುಡ್’ ಎಂದು ಬರೆದಳು. ಇಡೀ ಕ್ಲಾಸಿನಲ್ಲಿ ಒಂದು ‘ಬೇಕು’ವನ್ನೂ ಕಲಸದೆ ಬರೆದಿದ್ದವಳು ಅವಳೊಬ್ಬಳೇ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕ ಮೇಲೆ ಆ ಐದು ವಾಕ್ಯ ಒಂದೊಂದಾಗಿ ತಲೆಯೊಳಗೆ ಎದ್ದು ಬಂದವು. ನಾನು ಹತ್ತನೇ ಪರೀಕ್ಷೆ ಬರೆಯಲೇಬೇಕು. ನಾನು ಭಾನುವಾರ ಸೀರೆ ಉಡಬೇಕಾಗಿದೆ. ನಾನು ಮಾವನ ಮನೆಗೆ ಹೋಗಬೇಕಾಗಿದೆ. ಸೋಮವಾರದಿಂದ ನಾನು ಸ್ಕೂಲಿಗೆ ಬರಬೇಕಾಗಿಲ್ಲ. ನಾನು ಇದನ್ನು ಮಿಸ್‌ಗೆ ಹೇಳಬಾರದು.

ಅದು ಮದುವೆಯ ಮಾತೆಂದು ರಂಜಿನಿಗೆ ಆಗ ಹೊಳೆಯಿತು. ಹುಡುಗಿಗೆ ಇನ್ನೂ ಹದಿನೈದು. ಹೇಳಬಾರದು ಎನ್ನುತ್ತಲೇ ಹೇಳಿದ್ದಾಳೆ, ನಾನು ಅದರ ಮೇಲೆ ಕೆಂಪು ಇಂಕಿನಲ್ಲಿ ಗುಡ್ ಎಂದು ಬರೆದು ಬಂದಿದ್ದೇನೆ.

ಹಾಸನದಲ್ಲಿ ಇಳಿದವಳೇ ಹೆಡ್‌ಮಾಸ್ಟರ್ ಈಶ್ವರಯ್ಯನವರಿಗೆ ಫೋನ್ ಮಾಡಿದಳು. ಅವರು ಎಲ್ಲ ಕೇಳಿಸಿಕೊಂಡರು.

“ಸೋಮವಾರ ಅವ್ರಪ್ಪನ್ನ ಕರೆಸಿ ಮಾತಾಡೋಣಮ್ಮ.”

“ಸೋಮವಾರಕ್ಕೆ ಮದುವೆ ಮುಗಿದೋಗಿರುತ್ತೆ ಸಾರ್.”

“ನೋಡು, ನೀನು ಗೆಸ್ಟು. ಮಾರ್ಚಿಗೆ ಹೋಗೋಳು. ನಾನು ಈ ಊರವರ ಜೊತೆ ಇನ್ನೂ ನಾಕು ವರ್ಷ ಏಗಬೇಕು.”

ಮನೆಗೆ ಬಂದರೂ ಕಾಲು ನಿಲ್ಲಲಿಲ್ಲ. ಅಡುಗೆಮನೆಗೂ ಹೊಸ್ತಿಲಿಗೂ ಓಡಾಡುತ್ತಿದ್ದವಳನ್ನು ಅಪ್ಪ ಪಾಪಯ್ಯ ಕೂರಿಸಿ ಕೇಳಿದ. ಹೇಳಿದಳು.

“ದೊಡ್ಡೋರ ಮನೆ ಕಣಪ್ಪ. ಜಮೀನ್ದಾರ್ರು.”

“ಓಗಿ ಮಾತಾಡು. ಬೈದ್ರೆ ಬೈಸ್ಕೊ,” ಅಂದ ಪಾಪಯ್ಯ.

ಶನಿವಾರ ಸ್ನೇಹಲತಾ ಕ್ಲಾಸಿಗೆ ಬಂದಿರಲಿಲ್ಲ. ಅರ್ಧ ದಿನದ ಸ್ಕೂಲು ಮುಗಿಯುತ್ತಲೇ ರಂಜಿನಿ ಅವಳ ಊರಿಗೆ ನಡೆದಳು. ಮನೆ ಮುಂದೆ ಚಪ್ಪರವಿರಲಿಲ್ಲ, ಆದರೆ ಒಳಗೆ ಒಬ್ಬಟ್ಟಿನ ಹೂರಣ ಬೇಯುವ ವಾಸನೆ ಇತ್ತು. ಹುಡುಗಿಯ ಅಪ್ಪ ದೇವರಾಜ್ ಜಗಲಿಗೆ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ.

“ಕೂತ್ಕೊಳಿ ಮೇಡಂ. ನಿಮ್ದು ಯಾವೂರು?”

“ಮೊಸಳೆ.”

“ಮೊಸಳೇಲಿ ಯಾರ ಪೈಕಿ?”

ಆ ಪ್ರಶ್ನೆ ಏನನ್ನು ಹುಡುಕುತ್ತಿದೆ ಎಂದು ರಂಜಿನಿಗೆ ಚಿಕ್ಕಂದಿನಿಂದಲೂ ಗೊತ್ತು. “ಪಾಪಯ್ಯನವರ ಮಗಳು. ಮೇಲಿನ ಬೀದಿಯಲ್ಲ,” ಅಂದಳು. ಒಳಗಿನಿಂದ ನೀರು ತರುತ್ತಿದ್ದ ಹೆಂಗಸು ಅಲ್ಲೇ ನಿಂತಳು. ರಂಜಿನಿ ಕುರ್ಚಿಯಲ್ಲಿ ಕೂತೇ ಇದ್ದಳು.

“ನಾಳೆ ಮದುವೆ ಅಂತ ಗೊತ್ತಾಯ್ತು ಸಾರ್. ಅವಳಿಗಿನ್ನೂ ಹದಿನೈದು.”

“ಮದ್ವೆ ಗಿದ್ವೆ ಏನಿಲ್ಲ. ಸುಮ್ನೆ ದೇವಸ್ಥಾನದಲ್ಲಿ ಒಂದು ಶಾಸ್ತ್ರ. ನಮ್ಮವ್ವಂಗೆ ಉಸಾರಿಲ್ಲ, ಮೊಮ್ಮಗಳ ಮದ್ವೆ ನೋಡ್ಬೇಕು ಅಂತವ್ರೆ. ಗಂಡು ಅವ್ಳ ಸ್ವಾದರಮಾವನೇ. ಇದ್ರಲ್ಲಿ ನಿಮ್ಗೇನು ಕೆಲ್ಸ?”

“ಗೊತ್ತಾದ ಮೇಲೆ ನಾನು ತಿಳಿಸಲೇಬೇಕು. ಅದಕ್ಕೆ ಮುಂಚೆ ನಿಮಗೇ ಹೇಳೋಣ ಅಂತ ಬಂದೆ.”

ದೇವರಾಜ್ ಧ್ವನಿ ಏರಿಸಲಿಲ್ಲ. “ಬಸ್ಸಿಗೆ ಹೊತ್ತಾಯ್ತದೆ, ಓಗಿ,” ಅಂದ.

ರಸ್ತೆಗೆ ಬಂದು, ಹೊಂಗೆ ಮರದ ಕೆಳಗೆ ನಿಂತು, ಮಕ್ಕಳ ಸಹಾಯವಾಣಿ ಹತ್ತು ಒಂಬತ್ತು ಎಂಟಕ್ಕೆ ಫೋನ್ ಮಾಡಿದಳು. ಹೆಸರು ಗುಟ್ಟಾಗಿಡಬಹುದು ಎಂದು ಆ ಕಡೆಯ ಹುಡುಗಿ ಹೇಳಿದಳು. ಜಗಲಿಯ ಮೇಲೆ ಕೂತು ಬಂದವಳಿಗೆ ಇನ್ನೆಂಥ ಗುಟ್ಟು. ರಂಜಿನಿ ಹೆಸರು ಕೊಟ್ಟಳು.

ಭಾನುವಾರ ಬೆಳಿಗ್ಗೆ ಜೀಪಿನಲ್ಲಿ ಪೊಲೀಸರೂ ಮಹಿಳಾ ಮತ್ತು ಮಕ್ಕಳ ಇಲಾಖೆಯ ಇಬ್ಬರು ಹೆಂಗಸರೂ ಹೋದರು. ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು ದೇವರಾಜ್‌ನಿಂದ ಮುಚ್ಚಳಿಕೆ ಬರೆಸಿಕೊಂಡರು. ಬೇಯಿಸಿದ ಅಡುಗೆಯನ್ನು ಊರವರೇ ಕೂತು ಉಂಡರಂತೆ.

ಗೆದ್ದೆ ಅನ್ನಿಸಲಿಲ್ಲ ಅವಳಿಗೆ. ಸೋಮವಾರ ಹುಡುಗಿ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಈಶ್ವರಯ್ಯನವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರೇ ಹೊರತು ಮುಖ ಎತ್ತುತ್ತಿರಲಿಲ್ಲ. ಮನೆಯೊಳಗೆ ಹುಡುಗಿಗೆ ಏನು ಮಾಡುತ್ತಿದ್ದಾರೋ, ಬೇರೆ ಊರಿಗೆ ಕಳಿಸಿಬಿಟ್ಟರೋ. ಇಲಾಖೆಯವರಿಗೆ ದಿನಾ ಫೋನ್ ಮಾಡಿದಳು. ಹೋಗಿ ನೋಡಿ ಬಂದೆವು, ಮನೆಯಲ್ಲೇ ಇದ್ದಾಳೆ ಅಂದರು. ತಾನು ಮಾಡಿದ್ದು ಆ ಮಗುವಿಗೆ ಇನ್ನಷ್ಟು ಕಷ್ಟ ತಂದಿತೇನೋ ಎಂದು ಊಟದ ತಟ್ಟೆ ಮುಂದೆ ಕೂತವಳು ಎದ್ದುಬಿಡುತ್ತಿದ್ದಳು. ಹೀಗೆ ಹನ್ನೊಂದು ದಿನ.

ಹನ್ನೆರಡನೇ ದಿನ ಎರಡನೇ ಪೀರಿಯಡ್ಡಿನಲ್ಲಿ ಬಾಗಿಲ ಬಳಿ ನೆರಳು ಬಿತ್ತು. ಕೋಲೂರಿಕೊಂಡ ಮುದುಕಿಯೊಬ್ಬಳು ಏದುಸಿರು ಬಿಡುತ್ತ ನಿಂತಿದ್ದಳು. ಇನ್ನೊಂದು ಕೈ ಸ್ನೇಹಲತಾಳ ಹೆಗಲ ಮೇಲಿತ್ತು. ದೇವರಾಜನ ತಾಯಿ ಚಿಕ್ಕಲಕ್ಷ್ಮಮ್ಮ.

“ಇವ್ಳು ಒಳಗ್ ಕುಂತ್ಕಳ್ಳಿ,” ಅಂದಳು ಮುದುಕಿ. “ನನ್ ಎಸ್ರೇಳ್ಕೊಂಡು ಮದ್ವೆ ಮಾಡಕೋದ್ರು. ನಾನು ಕೇಳೇ ಇರ್ನಿಲ್ಲ ಕಣವ್ವ. ಕೇಳ್ದೋಳಂಗೆ ಸುಮ್ನಿದ್ದೆ, ಅದೇ ನನ್ ತಪ್ಪು.”

“ಮನೇಲಿ ಏನಂದ್ರಜ್ಜಿ?”

“ಏನಾರ ಅನ್ಲಿ. ಇಸ್ಕೂಲ್ ಬಿಟ್ಟು ನಾನೇ ಕರ್ಕೊಂಡೋಗೋಗಂಟ ಅಲ್ಲೇ ಇರ್ತೀನಿ ಅಂತ ಏಳ್ಬಂದಿವ್ನಿ.”

ನಿಜಕ್ಕೂ ಮುದುಕಿ ಸಂಜೆವರೆಗೂ ವರಾಂಡದಲ್ಲಿ ಗೋಡೆಗೊರಗಿ ಕೂತಿದ್ದಳು. ಮಧ್ಯಾಹ್ನ ಬಿಸಿಯೂಟದ ಸುಬ್ಬಮ್ಮ ಒಂದು ತಟ್ಟೆ ಅನ್ನ ಸಾರು ತಂದಿಟ್ಟಳು. ಮುದುಕಿ ಮಾರನೇ ದಿನವೂ ಬಂದಳು, ಅದರ ಮಾರನೇ ದಿನವೂ. ನಾಲ್ಕನೇ ದಿನ ದೇವರಾಜನೇ ಇಬ್ಬರನ್ನೂ ಬೈಕಿನಲ್ಲಿ ತಂದು ಗೇಟಿನಲ್ಲಿ ಇಳಿಸಿ, ಒಳಗೆ ನೋಡದೆ ಹೊರಟುಹೋದ.

ಜೂನಿನಲ್ಲಿ ಆ ಶಾಲೆಯ ಪಟ್ಟಿಯಲ್ಲಿ ರಂಜಿನಿಯ ಹೆಸರಿರಲಿಲ್ಲ. ಏಕೆಂದು ಅವಳು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಈಗ ಅರಕಲಗೂಡಿನ ಕಡೆ ಇನ್ನೊಂದು ಹೈಸ್ಕೂಲು, ಮೂರು ಬಸ್ಸು. ಸ್ನೇಹಲತಾ ಚನ್ನರಾಯಪಟ್ಟಣದಲ್ಲಿ ಪಿಯುಸಿಗೆ ಸೇರಿದ್ದಾಳೆಂದು ಸುಬ್ಬಮ್ಮ ಫೋನಿನಲ್ಲಿ ತಿಳಿಸಿದಳು, ಮುದುಕಿ ಆಷಾಢದಲ್ಲಿ ತೀರಿಕೊಂಡಳೆಂದೂ ತಿಳಿಸಿದಳು. ಹದಿನೆಂಟು ತುಂಬುವ ತನಕ ಯಾರೂ ಹುಡುಗಿಯ ತಂಟೆಗೆ ಹೋಗುವಂತಿಲ್ಲ, ಆಮೇಲೆ ಹೇಗೋ ಏನೋ. ರಂಜಿನಿ ಆ ಲೆಕ್ಕವನ್ನು ಮನಸ್ಸಿನಲ್ಲೇ ಹಾಕುತ್ತ, ಹೊಸ ಸ್ಕೂಲಿನ ಮಕ್ಕಳ ನೋಟ್ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡಳು. ಈಚೆಗೆ ಅವಳು ಅವನ್ನು ಮನೆಗೇ ಒಯ್ದು, ಕೂತು ಓದಿ ತಿದ್ದುತ್ತಾಳೆ.