ನಾನು ಎಡ ಸೀಟಿನಲ್ಲಿರಲಿಲ್ಲ

ಕಳೆದ ತಿಂಗಳು ಕಡಬದಿಂದ ಬರುತ್ತಿದ್ದ ಬಸ್ಸು ಇಳಿಜಾರಿನಲ್ಲಿ ನಿಧಾನವಾದಾಗ ಕಿಟಕಿಯಿಂದ ಬ್ರೇಕ್ ಲೈನರ್ ಸುಟ್ಟ ವಾಸನೆ ಒಳಗೆ ಬಂತು. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು ಮತ್ತೆ ಫೋನು ನೋಡತೊಡಗಿದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಲಗಾಲು ತಾನಾಗಿಯೇ ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಅಂಗಡಿಯ ಬೆಂಚಿನ ಮೇಲೆ ಕೂತು ಒಂದು ಸೋಡಾ ಕುಡಿದರೂ ಆ ವಾಸನೆ ಗಂಟಲು ಬಿಟ್ಟು ಹೋಗಲಿಲ್ಲ. ಹದಿನೇಳು ವರ್ಷದ ಹಿಂದೆಯೂ ಹೀಗೇ, ಎಷ್ಟು ಸೋಪು ಹಾಕಿ ಕೈ ತೊಳೆದರೂ...

ಫಿಟ್ಟರ್ ಮಾವ ಬೆಳ್ಳಾರೆಯಲ್ಲಿ ನಮ್ಮ ಪಕ್ಕದ ಮನೆಯವರು. ಸಂಬಂಧದಲ್ಲಿ ಏನೂ ಅಲ್ಲ. ಪುತ್ತೂರಿನ ಒಬ್ಬ ಬಸ್ ಮಾಲಕರ ಶೆಡ್ಡಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದರು, ಹಾಗಾಗಿ ಆ ಹೆಸರು. ಅವರ ಹೆಂಡತಿ ನನಗೆ ಅತ್ತೆ. ಶೆಡ್ಡಿನ ಕೆಲಸ ಬಿಟ್ಟ ಮೇಲೆ ಜೀಪಿನವರು, ಪಿಕಪ್ಪಿನವರು ಅವರ ಮನೆಗೇ ಬರುತ್ತಿದ್ದರು. ಘಟ್ಟ ಹತ್ತುವ ಮೊದಲು ಫಿಟ್ಟರಿಗೆ ಒಮ್ಮೆ ಬ್ರೇಕ್ ತೋರಿಸಿ ಹೋಗುವುದು ಆ ಕಡೆಯ ಡ್ರೈವರುಗಳಲ್ಲಿ ಒಂದು ರೂಢಿಯೇ ಆಗಿತ್ತು.

ನಮ್ಮ ಮನೆಯಲ್ಲಿ ಅಪ್ಪ ಬಿಟ್ಟುಹೋದ ಹಳೆಯ ಅಂಬಾಸಿಡರ್ ಇತ್ತು. ನನಗೆ ಕಡಬದ ಕಡೆ ಸರಕಾರಿ ಶಾಲೆಯಲ್ಲಿ ಆಗಷ್ಟೇ ಕೆಲಸವಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ನಾನು ಅದೇ ಕಾರಿನಲ್ಲಿ ಹೋಗಿ ಬರುತ್ತಿದ್ದೆ. ಅದರ ಪೆಟ್ರೋಲ್ ಎಂಜಿನ್ನಿಗೆ ಮುಪ್ಪು ಬಂದಿತ್ತು. ಏರು ಕಂಡರೆ ಏದುಸಿರು ಬಿಡುತ್ತಿತ್ತು. ಹಿಂದಿನಿಂದ ಬಂದವರು ಹಾರ್ನ್ ಹೊಡೆದು, "ಟೀಚರೇ, ಇಳಿದು ದೂಡುದಾ?" ಎಂದು ಕೇಳಿ ನಗುತ್ತ ಮುಂದೆ ಹೋಗುತ್ತಿದ್ದರು. ನನಗೆ ಆ ನಗು ಸಹಿಸಲಾಗುತ್ತಿರಲಿಲ್ಲ. ಕುಂಬ್ರದ ಹತ್ತಿರ ಗುಜರಿಯಲ್ಲಿ ಹಳೆಯ ಜೀಪಿನ ದೊಡ್ಡ ಡೀಸೆಲ್ ಎಂಜಿನ್ ಬಿದ್ದಿದೆ ಎಂದು ತಿಳಿದದ್ದೇ ಮಾವನ ಬೆನ್ನು ಹತ್ತಿದೆ.

"ಕೂರಿಸ್ಲಿಕ್ಕೆ ಆಗ್ತದೆ," ಎಂದರು ಅವರು. "ಆದರೆ ಓಡುದು ಯಾವ ಗಾಡಿಗೂ ಬರ್ತದೆ ಮಾರಾಯ್ತಿ, ನಿಲ್ಲುದನ್ನು ಕಲಿಸ್ಬೇಕು. ಬ್ರೇಕಿನ ಕೆಲಸ ಮುಗಿಯದೆ ಗೇಟು ದಾಟ್ಲಿಕ್ಕಿಲ್ಲ. ಒಪ್ಪಿಗೆ ಉಂಟಾ?"

"ಉಂಟು ಮಾವ," ಎಂದೆ.

ನಾಲ್ಕು ತಿಂಗಳು ನಮ್ಮ ಮನೆಯ ಕಾರು ಶೆಡ್ಡು ವರ್ಕ್‌ಶಾಪ್ ಆಯಿತು. ಗುಜರಿಯಿಂದ ತಂದ ಎಂಜಿನ್ನನ್ನು ಅವರು ಒಂದೊಂದೇ ಬೋಲ್ಟು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಪೇಪರಿನ ಮೇಲೆ ಸಾಲಾಗಿ ಇಡುತ್ತಿದ್ದರು. ಯಾವುದು ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ಅದನ್ನು ಬರೆದಿಡುವ ಕೆಲಸ ನನ್ನದು. ಎಂಜಿನ್ ಬ್ಲಾಕನ್ನು ಪುತ್ತೂರಿನ ಲೇತಿಗೆ ಕೊಂಡುಹೋಗಿ ಸವೆದ ಸಿಲಿಂಡರುಗಳನ್ನು ಬೋರ್ ಮಾಡಿಸಿದೆವು. ಶಾಲೆಯಿಂದ ಬಂದು ನಾನು ವಾಲ್ವುಗಳಿಗೆ ಪೇಸ್ಟ್ ಹಚ್ಚಿ ತಿಕ್ಕುತ್ತ ಕೂರುತ್ತಿದ್ದೆ. ನನ್ನ ಉಗುರು ನೋಡಿ ಅಮ್ಮ, "ಇದು ಚಾಕ್ ಹಿಡಿಯುವ ಕೈಯಾ?" ಎಂದು ಗೊಣಗುತ್ತಿದ್ದರು. ಮೂರು ಕಬ್ಬಿಣದ ಪೈಪು ನಿಲ್ಲಿಸಿ, ಚೈನು ಕಟ್ಟಿ ಎಂಜಿನ್ನನ್ನು ಇಳಿಸಿದ ದಿನ ಅದರ ತಳ ಕಾರಿನ ಅಡ್ಡಪಟ್ಟಿಗೆ ತಾಗಿತು. ಮತ್ತೆ ಎತ್ತಿದರು, ಪಟ್ಟಿ ಕತ್ತರಿಸಿದರು, ವೆಲ್ಡಿಂಗ್ ಮಾಡಿಸಿದರು. ಮೂರು ಸಲ ಹೀಗಾಯಿತು. ಒಮ್ಮೆಯೂ ಅವರು ಸಿಟ್ಟಾಗಲಿಲ್ಲ. ಕೊನೆಗೆ ಅದು ಸ್ಟಾರ್ಟ್ ಆಗಿ, ನೀಲಿ ಹೊಗೆ ಉಗುಳಿ, ನಿಧಾನಕ್ಕೆ ಒಂದೇ ಲಯಕ್ಕೆ ಬಂದಾಗ ಮಾವ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿ ನಿಂತರು. ಅವರ ಆ ಮುಖ...

ಆಮೇಲೆ ಬ್ರೇಕಿನ ಕೆಲಸ. ಮುಂದಿನ ಎರಡು ಚಕ್ರದ್ದು ಮುಗಿದಿತ್ತು. ಹಿಂದಿನ ಚಕ್ರಕ್ಕೆ ಹೋಗುವ ಎಣ್ಣೆ ಒಂದು ಕಡೆ ಜಿನುಗುತ್ತಿತ್ತು. ಅದನ್ನು ತಡೆಯಲು ಹಾಕಬೇಕಾದ ರಬ್ಬರ್ ಕಪ್ ಮಂಗಳೂರಿನಿಂದ ಸೋಮವಾರ ಬರುವುದಿತ್ತು.

ಅಂದು ಭಾನುವಾರ. ನನಗೆ ಏನು ಅವಸರವಿತ್ತು ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಒಮ್ಮೆ ಏರು ಹತ್ತಿಸಿ ನೋಡಬೇಕೆನಿಸಿತು, ಅಷ್ಟೆ. ಸ್ಟಾರ್ಟ್ ಮಾಡಿದ ಶಬ್ದ ಕೇಳಿ ಮಾವ ಓಡಿ ಬಂದರು. "ಬೇಡ ಮಾರಾಯ್ತಿ, ನಾಳೆ ಒಂದು ದಿನ," ಎಂದರು. ನಾನು ಅಷ್ಟರಲ್ಲಿ ಕಾರನ್ನು ಗೇಟಿನವರೆಗೆ ತಂದಿದ್ದೆ. ಒಬ್ಬಳನ್ನೇ ಬಿಡಲಾರದೆ ಅವರು ಎಡಗಡೆಯ ಬಾಗಿಲು ತೆಗೆದು ಹತ್ತಿದರು.

ಏರಿನಲ್ಲಿ ಕಾರು ಹಾರಿದಂತೆ ಹೋಯಿತು. ನಾನು ಜೋರಾಗಿ ನಕ್ಕದ್ದು ನೆನಪಿದೆ. ಮಾವ ನಗಲಿಲ್ಲ. "ಇಲ್ಲೇ ತಿರುಗಿಸು," ಎಂದರು. ನಾನು ತಿರುಗಿಸಲಿಲ್ಲ. ಆಚೆಯ ಇಳಿಜಾರಿನಲ್ಲಿ ಪೆಡಲ್ ಒಮ್ಮೆ ಹಿಡಿಯಿತು, ಸುಟ್ಟ ವಾಸನೆ ಬಂತು, ಎರಡನೆಯ ಸಲ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಮಾವ ಹ್ಯಾಂಡ್‌ಬ್ರೇಕ್ ಎಳೆದರು. ತಿರುವಿನಲ್ಲಿ ಒಬ್ಬರು ಹೆಂಗಸು ಡೈರಿಗೆ ಹಾಲಿನ ಕ್ಯಾನು ಹಿಡಿದುಕೊಂಡು ನಮಗೆ ಬೆನ್ನು ಹಾಕಿ ನಡೆಯುತ್ತಿದ್ದರು...

ಕಾರು ಅವರಿಗೆ ತಾಗಿ ಚರಂಡಿಗೆ ಇಳಿದು ನಿಂತಿತು. ರಸ್ತೆಯ ತುಂಬ ಹಾಲು. ಮಾವ ಮೊದಲು ಓಡಿ ಅವರನ್ನು ಬದಿಗೆ ಮಲಗಿಸಿ, ಉಸಿರು ನೋಡಿದರು. ಆಮೇಲೆ ನನ್ನನ್ನು ಕೈ ಹಿಡಿದು ಹೊರಗೆಳೆದು ತಾವು ಸ್ಟೀರಿಂಗಿನ ಹತ್ತಿರ ನಿಂತರು.

"ಗಾಡಿ ಬಿಟ್ಟದ್ದು ನಾನು. ನೀನು ಎಡ ಸೀಟಿನಲ್ಲಿ ಕೂತದ್ದು. ಕೇಳಿತಾ?"

"ಮಾವ..."

"ಪೊಲೀಸ್ ಕೇಸಾದ್ರೆ ನಿನ್ನ ಕೆಲಸ ಹೋಗ್ತದೆ. ನಂಗೆ ಇನ್ನು ಎಂತ ಹೋಗ್ಲಿಕ್ಕುಂಟು?"

ಜನ ಬಂದರು. ಯಾರದೋ ಜೀಪಿನಲ್ಲಿ ಆ ಹೆಂಗಸನ್ನು ಪುತ್ತೂರಿಗೆ ಕೊಂಡುಹೋದರು. ಅವರ ಜೀವ ಉಳಿಯಿತು, ಎಡಗಾಲಿನ ಎಲುಬು ಮುರಿದಿತ್ತು. ಸ್ಟೇಷನ್ನಿನಲ್ಲಿ ನಾನು, ಎಡ ಸೀಟಿನಲ್ಲಿ ಕೂತಿದ್ದೆ ಎಂದು ಹೇಳಿ ಸಹಿ ಹಾಕಿದೆ. ನನ್ನ ಅಕ್ಷರ ಚಂದ. ಅಂದೂ ಚಂದವೇ ಇತ್ತು.

ಮಾವನಿಗೆ ಹೋಗಲಿಕ್ಕೆ ಏನಿತ್ತು ಎಂಬುದು ಆಮೇಲೆ ಗೊತ್ತಾಯಿತು. ಬ್ರೇಕ್ ಸರಿಮಾಡದೆ ಗಾಡಿ ತೆಗೆದು ಹೆಂಗಸಿಗೆ ಗುದ್ದಿದ ಫಿಟ್ಟರ್ ಎಂಬ ಮಾತು ಬಸ್‌ಸ್ಟ್ಯಾಂಡಿನಿಂದ ಬಸ್‌ಸ್ಟ್ಯಾಂಡಿಗೆ ಹೋಯಿತು. ಮೊದಲು ಪಿಕಪ್ಪಿನವರು ಬರುವುದನ್ನು ಬಿಟ್ಟರು, ಆಮೇಲೆ ಜೀಪಿನವರು. ಕೇಸು ಕೋರ್ಟಿನಲ್ಲಿ ದಂಡ ಕಟ್ಟಿ ಮುಗಿಯಿತು. ಕೆಲಸ ಮಾತ್ರ ವಾಪಸು ಬರಲಿಲ್ಲ. ಅವರು ಜಗಲಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವ ಬಸ್ಸುಗಳ ಶಬ್ದ ಕೇಳುತ್ತಿದ್ದರು. "ಇವನ ಬ್ರೇಕ್ ಹಿಂದೆ ಎಡಗಡೆ ಎಳೀತಾ ಉಂಟು," ಎಂದು ತಮ್ಮಷ್ಟಕ್ಕೆ ಹೇಳುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ.

ನಾನು ಕಾಯಂ ಆದ ವರ್ಷ ಒಮ್ಮೆ ಅವರ ಹತ್ತಿರ ಹೋಗಿ, ಎಲ್ಲ ಹೇಳಿಬಿಡುತ್ತೇನೆ ಮಾವ ಎಂದೆ. "ಈಗ ಹೇಳಿದ್ರೆ ಇಬ್ಬರೂ ಸುಳ್ಳುಗಾರರಾಗ್ತೇವೆ. ಬಿಡು," ಎಂದರು. ನನಗೆ ಬೇಕಾಗಿದ್ದದ್ದು ಅದೇ ಮಾತು. ಬಿಟ್ಟೆ. ಅಮ್ಮ ತೀರಿಕೊಂಡ ಮೇಲೆ ಮನೆ ಖಾಲಿ ಮಾಡಿ ಕಡಬದಲ್ಲೇ ನಿಂತೆ. ಕಳೆದ ವರ್ಷ ಮಾವ ಹೋದರು. ಉತ್ತರಕ್ರಿಯೆಯ ದಿನ ಹೋಗಿ, ಕೊನೆಯ ಪಂಕ್ತಿಯಲ್ಲಿ ಉಂಡು, ಅತ್ತೆಯ ಮುಖ ನೋಡದೆ ಬಂದೆ.

ಕಳೆದ ತಿಂಗಳು ಅಂದೇ ಆ ಬೆಂಚಿನಿಂದ ಎದ್ದು ಬೆಳ್ಳಾರೆಯ ಬಸ್ಸು ಹತ್ತಿದೆ. ಅತ್ತೆ ಒಬ್ಬರೇ ಇದ್ದರು. ನಾನು ಹೇಳಿ ಮುಗಿಸುವವರೆಗೂ ಅಕ್ಕಿ ಆರಿಸುತ್ತಿದ್ದ ಅವರ ಕೈ ನಿಲ್ಲಲಿಲ್ಲ.

"ನಂಗೆ ಆ ದಿನವೇ ಗೊತ್ತು," ಎಂದರು. "ಬ್ರೇಕಿನ ಕೆಲಸ ಆಗದ ಗಾಡಿ ಅವರು ತೆಗೀತಾರಾ? ನನ್ನತ್ರ ಹೇಳಿ ಎಂತ ಆಗುದು? ಗೊತ್ತಿಲ್ಲದವರತ್ರ ಹೇಳು."

ಆ ಹಾಲಿನ ಹೆಂಗಸಿನ ಮನೆಗೆ ಹೋದೆ. ವಯಸ್ಸಾಗಿದೆ, ಈಗಲೂ ಎಡಗಾಲು ಎಳೆದೇ ನಡೆಯುತ್ತಾರೆ. ಶಾಲೆಯ ಟೀಚರ್ ಎಂದು ಕುರ್ಚಿ ಹಾಕಿ, ಚಾ ಮಾಡಿ ಕೊಟ್ಟರು. ನಾನು ಚಾ ಕುಡಿಯದೆ ಎಲ್ಲ ಹೇಳಿದೆ. ಬೈಯುತ್ತಾರೆ, ಎದ್ದು ಹೋಗು ಎನ್ನುತ್ತಾರೆ ಎಂದು ಕಾದೆ. ಅವರು ಅಂಗಳದ ಕಡೆ ನೋಡುತ್ತ ಕೂತಿದ್ದರು.

"ನಾನು ಆಸ್ಪತ್ರೆಯಿಂದ ಬಂದ ಮೇಲೆ ಫಿಟ್ಟರು ಇಲ್ಲಿಗೆ ಮೂರು ಸಲ ಬಂದಿದ್ರು ಟೀಚರೇ," ಎಂದರು. "ಒಂದು ಸಲವೂ ಜಗಲಿ ಹತ್ತಿಸ್ಲಿಲ್ಲ. ಅಂಗಳದಲ್ಲೇ ನಿಲ್ಲಿಸಿ, ಬಾಯಿಗೆ ಬಂದ ಹಾಗೆ ಬೈದೆ. ಅವರು ತಲೆ ತಗ್ಗಿಸಿ ಕೇಳಿದ್ರು, ಹೋದ್ರು."

ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಬಂದು ಹೇಳಿದ್ರಿ, ನಿಮ್ಮ ಭಾರ ಇಳೀತು. ನಾನು ಇನ್ನು ಯಾರ ಹತ್ರ ಹೋಗಿ ಹೇಳುದು?"