ಈರುಳ್ಳಿ ಇಲ್ಲದ ಅಡುಗೆ

ನಮ್ಮ ಯಜಮಾನರು ಲಾರಿ ಓಡಿಸುತ್ತಾರೆ. ಶಿವಮೊಗ್ಗದಿಂದ ಅಡಿಕೆ ಹೇರಿಕೊಂಡು ಉತ್ತರ ಭಾರತಕ್ಕೆ ಹೋಗುತ್ತಾರೆ. ಬರುವಾಗ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಗಳಿಗೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿ ತರುತ್ತಾರೆ. ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕಲ್ಲಿದ್ದಲು, ಪೆಟ್ರೋಲಿಯಂ ಪಾಠವನ್ನು ಪ್ರತಿವರ್ಷ ಹೇಳಿ ಮುಗಿಸುತ್ತಿದ್ದವಳಿಗೆ ಕಳೆದ ವರ್ಷ ಮಾತ್ರ ಅದು ತಲೆಯಲ್ಲೇ ಕೂತುಬಿಟ್ಟಿತು. ನಮ್ಮ ತಟ್ಟೆಯಲ್ಲಿ ಇರುವುದರಲ್ಲಿ ಬಹಳಷ್ಟು ಡೀಸೆಲ್ ಕುಡಿದು ಬಂದದ್ದು ಅನ್ನಿಸತೊಡಗಿತು. ಸುತ್ತಲಿನ ಊರುಗಳಲ್ಲಿ ಬೆಳೆದದ್ದನ್ನಷ್ಟೇ ಬೇಯಿಸುವುದೆಂದು ನಿಶ್ಚಯಿಸಿದೆ. ಹೊಳೆಹೊನ್ನೂರಿನ ಅಕ್ಕಿ, ಅಲ್ಲಿನ ಸಂತೆಯ ಬದನೆ, ಹೀರೆ, ಅಲಸಂದೆ. ಮನೆಯಲ್ಲಿ ಚಪಾತಿ ನಿಂತಿತು, ಈರುಳ್ಳಿಯೂ.

ಯಜಮಾನರು ಮೊದಲು ನಕ್ಕರು. ಸಂತೆಗೆ ನೀನು ಹೋಗುವ ಬಸ್ಸೇನು ನೀರಿನಲ್ಲಿ ಓಡುತ್ತದಾ ಎಂದು ಕೇಳಿದರು. ಆಮೇಲೆ ಆ ನಗುವೂ ಹೋಯಿತು. ಟ್ರಿಪ್ಪಿನಿಂದ ಬಂದವರು ದಾರಿಯಲ್ಲೇ ಉಂಡೆ ಎನ್ನತೊಡಗಿದರು. ಅವರು ತಂದಿಟ್ಟ ಈರುಳ್ಳಿ ಚೀಲ ಅಡುಗೆಮನೆಯ ಬಾಗಿಲಲ್ಲಿ ಹಾಗೇ ಕೂತು ಮೊಳಕೆಯೊಡೆಯಿತು. ಇಬ್ಬರೂ ಅದನ್ನು ದಾಟಿಕೊಂಡೇ ಓಡಾಡಿದೆವು.

ಒಂದು ಭಾನುವಾರ ಯಜಮಾನರ ಅಣ್ಣ ಊಟಕ್ಕೆ ಬಂದರು. ಲಾರಿಯಲ್ಲಿ ಭಾವನವರದ್ದೂ ಪಾಲಿದೆ. ಹುರುಳಿ ಸಾರು, ಬದನೆ ಪಲ್ಯ ಬಡಿಸಿದೆ. ನೆಂಜಿಕೊಳ್ಳಲು ಒಂದು ಈರುಳ್ಳಿ ಹೆಚ್ಚಿಕೊಡಮ್ಮ ಎಂದರು ಭಾವ. ಈಗ ಬಳಸುತ್ತಿಲ್ಲ ಎಂದೆ. ಕಾರಣ ಕೇಳಿದರು, ಹೇಳಿಬಿಟ್ಟೆ. ಭಾವ ತಮ್ಮನ ಮುಖ ನೋಡಿದರು. ಯಜಮಾನರ ಕೈ ಅನ್ನದಲ್ಲೇ ನಿಂತಿತ್ತು.

“ನಾನ್ ಮಾಡೋ ಕೆಲಸಾನೇ ತಪ್ಪು ಅಂತ ಅಣ್ಣನ ಮುಂದೆ ಹೇಳ್ತಿದೀಯಲ್ಲ ಮಾರಾಯ್ತಿ,” ಎಂದರು. ದನಿ ಏರಿರಲಿಲ್ಲ. ಅದಕ್ಕೇ ಹೆದರಿಕೆಯಾಯಿತು. “ಇಲ್ಲಿನ ಅಡಿಕೆ ಅಷ್ಟು ದೂರ ಹೋಗ್ಬೋದು. ಅಲ್ಲಿನ ರೈತ ಬೆಳೆದಿದ್ದು ಇಲ್ಲಿಗೆ ಬರ್ಬಾರ್ದಾ?”

ಆ ಪ್ರಶ್ನೆಯಲ್ಲಿ ನ್ಯಾಯವಿದೆ ಎಂದು ಇಂದಿಗೂ ಅನ್ನಿಸುತ್ತದೆ. ಆದರೂ ಸುಮ್ಮನಿರಲಾಗಲಿಲ್ಲ.

“ಎಲ್ಲಾ ನಿಲ್ಸಿ ಅಂತಿಲ್ಲ. ಇಲ್ಲೇ ಸಿಗೋದಿದ್ರೆ ಅಷ್ಟು ದೂರದಿಂದ ಯಾಕೆ ಅಂತೀನಿ. ಯಾವಾಗ್ಲೂ ನೀವು ಆ ರೋಡಲ್ಲೇ ಇರ್ತೀರಲ್ಲ, ಅದೂ ನಂಗೆ ಬೇಡ.”

ಕೊನೆಯ ಮಾತು ಆಡಬೇಕೆಂದುಕೊಂಡದ್ದಲ್ಲ. ಯಜಮಾನರು ಎದ್ದು ಕೈ ತೊಳೆದುಕೊಂಡು ಹೊರಗೆ ಹೋದರು. ಭಾವ ತಲೆಯೆತ್ತದೆ ಉಂಡು ಮುಗಿಸಿದರು.

ಮರುದಿನ ಯಜಮಾನರು ಹೇಳದೆಯೇ ಟ್ರಿಪ್ಪಿಗೆ ಹೊರಟರು. ಫೋನೂ ಮಾಡಲಿಲ್ಲ. ವಾಪಸು ಬಂದ ದಿನ ಕೈಕಾಲು ತೊಳೆದು ನೇರವಾಗಿ ಊಟಕ್ಕೆ ಕೂತರು. ಇದ್ದದ್ದನ್ನು ಬಡಿಸಿದೆ, ಉಂಡರು. ಆ ವರ್ಷ ಕೊಯ್ಲಿನ ಹೊತ್ತಿಗೆ ಹೊಳೆಹೊನ್ನೂರಿನ ಭತ್ತವನ್ನು ಶಿವಮೊಗ್ಗದ ಮಿಲ್ಲುಗಳಿಗೆ ಸಾಗಿಸುವ ಬಾಡಿಗೆ ಹಿಡಿದರು. ಅಣ್ಣ ಗೊತ್ತುಮಾಡಿದ್ದು ಎಂದಷ್ಟೇ ಹೇಳಿದರು. ಈಗ ಕೊಯ್ಲಿನ ದಿನಗಳಲ್ಲೆಲ್ಲ ಸಂಜೆಗೇ ಮನೆ ಸೇರುತ್ತಾರೆ. ಉಳಿದ ತಿಂಗಳುಗಳಲ್ಲಿ ಉತ್ತರದ ದಾರಿ ಇದ್ದೇ ಇದೆ. ಹೊರಡುವ ದಿನ ನಾವಿಬ್ಬರೂ ಆ ವಿಷಯ ಎತ್ತುವುದಿಲ್ಲ.