ಬೆಂಕಿ ಕೇಳಿಕೊಂಡು ಒಳಗೆ ಹೋದದ್ದು

ಆಗ ನನಗೆ ಅರವತ್ತೇಳೋ ಅರವತ್ತೆಂಟೋ. ಐದು ವರ್ಷ ಆಯ್ತು. ಕೊರೋನ ಬಂತು ಅಂತ ಮೊದಲ ಸಲ ಊರೆಲ್ಲ ಬಾಗಿಲು ಹಾಕಿಸಿದರಲ್ಲ, ಆ ಬೇಸಿಗೆ.

ನಾವಿರುವುದು ಕೊಪ್ಪದಿಂದ ಶೃಂಗೇರಿಗೆ ಹೋಗುವ ಕಡೆ, ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿ. ಲೈನು ಅಂದರೆ ಆಳುಗಳಿಗೆ ಕಟ್ಟಿಸಿದ ಸಾಲುಮನೆ. ಉದ್ದಕ್ಕೆ ಒಂದೇ ಹೆಂಚಿನ ಮಾಡು, ಮನೆಮನೆಗೆ ನಡುವೆ ಒಂದು ಗೋಡೆ. ಗೋಡೆ ಮಾಡಿನವರೆಗೆ ಹೋಗುವುದಿಲ್ಲ. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯಲ್ಲಿ ಸೀನು. ಜಗಳವೂ ಹಾಗೇ, ಮೇಲಿಂದ ದಾಟಿ ಬರುತ್ತದೆ. ಕೇಳಿಸಿದ್ದನ್ನು ಕೇಳಿಸಿತು ಅಂತ ಹೇಳಬಾರದು. ಹೇಳಿದರೆ ಲೈನಿನಲ್ಲಿ ಯಾರೂ ಬದುಕಲಿಕ್ಕೆ ಆಗುವುದಿಲ್ಲ.

ಆದರೆ ನಮ್ಮಲ್ಲಿ ಬೆಂಕಿ ಕೇಳುವುದು ಅಂತ ಒಂದು ಪದ್ಧತಿ ಇತ್ತು. ಯಾರ ಒಲೆ ಮೊದಲು ಹೊತ್ತುತ್ತದೋ ಅಲ್ಲಿಗೆ ಉಳಿದವರು ತೆಂಗಿನ ಕರಟ ಹಿಡಿದು ಹೋಗಿ ಕೆಂಡ ತರುವುದು. ಬೆಂಕಿಪೊಟ್ಟಣ ಇಲ್ಲ ಅಂತಲ್ಲ. ಬೆಂಕಿಪೊಟ್ಟಣ ಇದೆ, ಗ್ಯಾಸೂ ಬಂದಿದೆ. ಆದರೂ ಬಿಟ್ಟಿರಲಿಲ್ಲ. ಬೆಂಕಿ ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಬಾರದು, ಹೊಸಿಲಿನ ಹೊರಗೆ ನಿಲ್ಲಿಸಬಾರದು. ಒಲೆಯ ಹತ್ತಿರ ಕರೆದು ಕೊಡಬೇಕು. ಹೆಂಗಸರಿಗೆ ಬೇಕಾಗಿದ್ದೇನು ಕೆಂಡ ಅಲ್ಲ. ಒಳಗೆ ಹೋದರೆ ಯಾರ ಮುಖ ಊದಿದೆ, ಯಾರ ಮನೆ ಪಾತ್ರೆ ಖಾಲಿ, ಯಾರ ಮಗು ಮಲಗಿದಲ್ಲೇ ಇದೆ, ಎಲ್ಲ ಕಾಣುತ್ತದೆ. ಬಾಯಿಬಿಟ್ಟು ಕೇಳುವುದೇ ಬೇಡ.

ಕೊರೋನದಲ್ಲಿ ಅದು ನಿಂತಿತು. ಆಶಾ ಕಾರ್ಯಕರ್ತೆ ಮಾಸ್ಕ್ ಹಾಕಿಕೊಂಡು ಬಂದು, ಒಬ್ಬರ ಮನೆಗೆ ಒಬ್ಬರು ಹೋಗಬೇಡಿ ಅಂತ ಹೇಳಿ ಹೋದಳು. ಅವಳು ಹೇಳಿದ್ದು ಸರಿಯೇ. ನಾವು ಮಾಡಿದ್ದು ನೋಡಿ, ಕೆಂಡವನ್ನು ಕರಟಕ್ಕೆ ಹಾಕಿ ಜಗಲಿ ಮೇಲೆ ಇಡಲಿಕ್ಕೆ ಶುರು ಮಾಡಿದೆವು. ಬೇಕಾದವರು ಬಂದು ಎತ್ತಿಕೊಂಡು ಹೋಗುವುದು. ಬೆಂಕಿ ಮುಟ್ಟಿದರೆ ಕೊರೋನವೇ ಸಾಯಬೇಕು, ಆ ಬುದ್ಧಿ ಒಬ್ಬರಿಗೂ ಬರಲಿಲ್ಲ. ಬೆಂಕಿ ಜಗಲಿಗೆ ಬಂತು, ಒಳಗೆ ನೋಡುವವರು ಇಲ್ಲದೆ ಹೋದರು.

ನನ್ನ ಗೋಡೆಯ ಆಚೆ ಒಬ್ಬ ಹೆಂಗಸು ಇದ್ದಳು. ನರಸಿಂಹರಾಜಪುರದ ಕಡೆಯವಳು, ಮೂವತ್ತು ತುಂಬಿರಲಿಲ್ಲ. ಎಂಟು ವರ್ಷದ ಮಗಳು, ಇನ್ನೂ ಅಂಬೆಗಾಲಿಡುವ ಗಂಡುಕೂಸು. ಗಂಡ ಉಡುಪಿಯಲ್ಲಿ ಹೋಟೆಲ್ ಅಡುಗೆಗೆ ಹೋದವನು ಅಲ್ಲೇ ಸಿಕ್ಕಿಕೊಂಡ. ಆಗುಂಬೆ ಘಾಟಿಯಲ್ಲಿ ಪೊಲೀಸರು ಬಿಡುತ್ತಿರಲಿಲ್ಲ. ಎಸ್ಟೇಟಿನ ಕೆಲಸವೂ ನಿಂತಿತ್ತು. ಶಾಲೆ ಇಲ್ಲ, ಅಂಗನವಾಡಿ ಇಲ್ಲ. ಕೂಸಿಗೆ ಹಲ್ಲು ಬರುವ ಜ್ವರ. ಅದು ಕೆಮ್ಮಿದರೆ ಇವಳಿಗೆ ಕೊರೋನದ್ದೇ ಹೆದರಿಕೆ.

ಮೊದಮೊದಲು ಅವಳು ಮಗಳನ್ನು ಬೈಯುವುದು ಕೇಳಿಸುತ್ತಿತ್ತು. ಆಮೇಲೆ ಕೆನ್ನೆಗೆ ಬೀಳುವ ಸದ್ದು. ಒಂದು ಪೆಟ್ಟು ಹಾಕದೆ ಮಕ್ಕಳು ಬೆಳೆಯುವುದುಂಟಾ ಅಂದುಕೊಂಡು ಬಂದವರೇ ನಾವೆಲ್ಲ. ಆದರೆ ಇದು ಏರುತ್ತಾ ಹೋಯಿತು. ಕೈಯಿಂದ ಕೋಲಿಗೆ, ಕೋಲಿನಿಂದ ಸೌದೆಗೆ. ತಲೆಬಾಗಿಲಿನಲ್ಲಿ ಕೂತು ಹೆಂಗಸರು ಜಗಲಿಯಿಂದ ಜಗಲಿಗೆ ಮಾತಾಡುತ್ತಿದ್ದರು.

"ಎಂತ ಮಾರಾಯ್ತಿ, ಇವತ್ತು ಕಾಫಿಗೆ ಮೊದಲೇ ಶುರುವಾಗಿತ್ತಲ್ಲ?"

"ಅವಳ ಆಚೆ ಬದಿಯ ಮನೆಯವಳು ನೀನು. ಹೋಗಿ ಎರಡು ಮಾತು ಹೇಳಬಾರದಾ?"

"ಹೋಗಬಾರದು ಅಂತ ಆಶಾ ಹೇಳಿಲ್ವಾ? ನಾಳೆ ನಿನಗೆ ಜ್ವರ ಬಂದರೆ ನನ್ನ ತಲೆಗೆ ಕಟ್ಟುತ್ತೀಯ."

ಯಾರಿಗೂ ಹೋಗಲಿಕ್ಕೆ ಮನಸ್ಸಿರಲಿಲ್ಲ. ಹೋಗದೆ ಇರಲಿಕ್ಕೆ ಒಳ್ಳೆ ಕಾರಣ ಸಿಕ್ಕಿತ್ತು.

ಅವತ್ತು ಇನ್ನೂ ದೀಪ ಹಚ್ಚುವ ಹೊತ್ತಾಗಿರಲಿಲ್ಲ. ನಾನು ಅನ್ನಕ್ಕೆ ಇಟ್ಟಿದ್ದೆ. ಗೋಡೆಯ ಆಚೆ ಹುಡುಗಿ ಕಿರುಚಿದ್ದು ಕೇಳಿತು. ಫೋನು ಹಂಡೆಯ ನೀರಿಗೆ ಬಿದ್ದಿದೆ ಅಂತ ಅವರ ಮಾತಿನಲ್ಲೇ ತಿಳಿಯಿತು. ಹುಡುಗಿ ಯಾವುದೋ ಕುಣಿತ ನೋಡಲಿಕ್ಕೆ ಎತ್ತಿಕೊಂಡಿತ್ತಂತೆ. ಗಂಡನ ದನಿ ಕೇಳಲಿಕ್ಕೆ ಅವಳಿಗಿದ್ದದ್ದು ಅದೊಂದೇ ಫೋನು.

ಆಮೇಲೆ ಕೆಂಡದ ಒಳಗೆ ಕಬ್ಬಿಣ ತುರುಕುವ ಸದ್ದು. ಅಡುಗೆ ಮಾಡಿದವರಿಗೆ ಅದು ಗೊತ್ತಾಗುತ್ತದೆ. ಸೌದೆ ಮುಂದೂಡುವ ಸದ್ದು ಬೇರೆ, ಇದು ಬೇರೆ.

"ಕೈ ಚಾಚು."

"ಬೇಡಮ್ಮಾ. ಇನ್ನು ಮುಟ್ಟಲ್ಲಮ್ಮಾ."

"ಚಾಚು ಅಂದೆ."

ಬರೆ ಹಾಕುವುದು ನಮ್ಮ ಕಡೆ ಹೊಸದಲ್ಲ. ಕಾಮಾಲೆ ಬಂದರೆ ತೋಳಿಗೆ ಬರೆ ಹಾಕಿಸುವವರು ಈಗಲೂ ಇದ್ದಾರೆ. ಅದಕ್ಕೇ ಮಕ್ಕಳ ಮೈಮೇಲೆ ಸುಟ್ಟ ಗುರುತು ಕಂಡರೆ ಯಾರೂ ಬೆಚ್ಚಿ ಬೀಳುವುದಿಲ್ಲ. ಕಾಮಾಲೆಗೆ ಹಾಕಿಸಿದ್ದು ಅಂದರೆ ಮುಗಿಯಿತು. ಅವತ್ತು ಹಾಕಿಬಿಟ್ಟಿದ್ದರೆ ಇವಳೂ ಅದನ್ನೇ ಹೇಳುತ್ತಿದ್ದಳು, ನಾವೂ ಹೂಂ ಅನ್ನುತ್ತಿದ್ದೆವು.

ನಾನು ಒಂದು ಕರಟ ತೆಗೆದುಕೊಂಡು ಹೊರಟೆ. ನನ್ನ ಒಲೆ ಚೆನ್ನಾಗಿಯೇ ಉರಿಯುತ್ತಿತ್ತು. ಮಾಸ್ಕ್ ಹುಡುಕುತ್ತಾ ಕೂರಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಅವಳ ಬಾಗಿಲು ನೂಕಿದೆ.

ಅವಳು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಎಡಗೈಯಲ್ಲಿ ಮಗಳ ಮಣಿಕಟ್ಟು. ಬಲಗೈಯಲ್ಲಿ ದೋಸೆ ಮಗುಚುವ ಸಟ್ಟುಗ, ಅದರ ತುದಿ ಕೆಂಪಗಾಗಿತ್ತು.

"ಯಾರು ಬರಲಿಕ್ಕೆ ಹೇಳಿದ್ದು? ಕೊರೋನ ಗೊತ್ತಿಲ್ವಾ ನಿಮಗೆ?"

"ಬೆಂಕಿ ಕೊಡು ಮಾರಾಯ್ತಿ. ಒಲೆ ಆರಿ ಹೋಯ್ತು."

"ಹೋಗಿ ದೊಡ್ಡಮ್ಮ. ಜಗಲಿ ಮೇಲೆ ಇಡ್ತೀನಿ."

"ಮೊಣಕಾಲು ನೋವು ಇಟ್ಟುಕೊಂಡು ಎರಡೆರಡು ಸಲ ಯಾರು ಬರ್ತಾರೆ? ಬಂದಾಯ್ತಲ್ಲ, ಕೊಡು."

ಕರಟ ಅವಳ ಮೂಗಿನ ಹತ್ತಿರ ಹಿಡಿದೆ. ಅವಳು ನನ್ನ ಮುಖ ನೋಡಿದಳು, ಕರಟ ನೋಡಿದಳು. ಬೆಂಕಿ ಕೇಳಿದವರಿಗೆ ಇಲ್ಲ ಅನ್ನಬಾರದು ಅಂತ ಅವಳ ತಾಯಿಯೂ ಕಲಿಸಿರಬೇಕು. ಕೆಂಡ ತೆಗೆಯಬೇಕಾದರೆ ಒಂದು ಕೈಯಲ್ಲಿ ಸೌದೆ ಸರಿಸಬೇಕು, ಒಂದು ಕೈಯಲ್ಲಿ ಎತ್ತಬೇಕು. ಮಗಳ ಕೈ ಬಿಟ್ಟಳು. ಅದೇ ಸಟ್ಟುಗದಲ್ಲಿ ಕೆಂಡ ಗೋರಿ ನನ್ನ ಕರಟಕ್ಕೆ ಹಾಕಿದಳು.

ಹುಡುಗಿ ಬಂದು ನನ್ನ ಸೀರೆ ಹಿಡಿದುಕೊಂಡಿತು. "ಎಳೀಬೇಡ, ಕೆಂಡ ನಿನ್ನ ತಲೆ ಮೇಲೆ ಬೀಳ್ತದೆ" ಅಂತ ಗದರಿದೆ. ಮತ್ತೆ ಅವಳಿಗೆ ಹೇಳಿದೆ:

"ಆ ಸಟ್ಟುಗವನ್ನೂ ಕೊಡು."

"ಅದು ಯಾಕೆ?"

"ಬೇಕು, ಕೊಡು."

ಕೊಡಲಿಲ್ಲ. ನಾನೇ ಕಿತ್ತುಕೊಂಡು ಹಂಡೆಗೆ ಅದ್ದಿದೆ. ಚೊಂಯ್ ಅಂತು. ಆ ಸದ್ದಿಗೆ ಕೂಸು ಎದ್ದು ಅರಚಲಿಕ್ಕೆ ಶುರು ಮಾಡಿತು. ಅದನ್ನು ಎತ್ತಿಕೊಂಡು ಅಲ್ಲೇ ಮಣೆ ಮೇಲೆ ಕೂತೆ. ಎದ್ದು ಹೋಗುವ ಲಕ್ಷಣ ನನ್ನಲ್ಲಿ ಕಾಣಲಿಲ್ಲ ಅಂತ ಅವಳಿಗೆ ಸಿಟ್ಟು ಬಂತು.

"ನೀವೆಲ್ಲ ಮಕ್ಕಳಿಗೆ ಹೊಡೆಯದೆ ಸಾಕಿದ್ದಾ? ನಮ್ಮಮ್ಮ ನನಗೆ ಹಾಕಿಲ್ವಾ? ನೋಡಿ" ಅಂತ ಸೀರೆ ಎತ್ತಿ ಮೀನಖಂಡ ತೋರಿಸಿದಳು. ಒಂದಲ್ಲ, ಮೇಲೊಂದು ಕೆಳಗೊಂದು ಇತ್ತು.

"ಬುದ್ಧಿ ಬಂತಾ?" ಅಂದೆ.

"ಎಂತ?"

"ಹಾಕಿಸಿಕೊಂಡಿದ್ದಕ್ಕೆ ಬುದ್ಧಿ ಬಂತಾ ಅಂತ ಕೇಳಿದೆ. ಬಂದಿದ್ದರೆ ಇವತ್ತು ಇದನ್ನ ಹಿಡ್ಕೊಂಡು ಕೂತಿರ್ತಿದ್ಯಾ?"

ಅವಳು ಸೀರೆ ಕೆಳಗೆ ಎಳೆದುಕೊಂಡಳು. ಅಳಲಿಲ್ಲ. ಗೋಡೆಗೆ ಒರಗಿ ಕಾಲು ಚಾಚಿದಳು. ನಿದ್ದೆ ಮಾಡಿ ಎಷ್ಟು ದಿನ ಆಯ್ತೋ ಗೊತ್ತಿಲ್ಲ ದೊಡ್ಡಮ್ಮ, ಇದು ರಾತ್ರಿ ಬಿಡಲ್ಲ, ಅದು ಹಗಲು ಬಿಡಲ್ಲ, ಮಾತಾಡಲಿಕ್ಕೆ ಒಂದು ನರಪಿಳ್ಳೆ ಇಲ್ಲ ಅಂದಳು. ಕಣ್ಣ ಸುತ್ತ ಮಸಿ ಬಳಿದ ಹಾಗಿತ್ತು. ಅನ್ನದ ಪಾತ್ರೆ ಬೆಳಗಿನಿಂದ ಕವುಚಿ ಹಾಕಿದಲ್ಲೇ ಇತ್ತು. ನಾವು ಒಂದು ತಿಂಗಳಿಂದ ಜಗಲಿ ಮೇಲೆ ಕೂತು ಇವಳ ಬಾಯಿಯ ಲೆಕ್ಕ ಹಾಕಿದ್ದೆವು, ಹೊಟ್ಟೆಯದ್ದು ಹಾಕಿರಲಿಲ್ಲ.

"ಆಶಾಗೆ ಹೇಳ್ತೀರಾ?" ಅಂತ ಕೇಳಿದಳು.

"ಹೇಳ್ತೀನಿ."

"ಬೇಡ ದೊಡ್ಡಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ಜೀಪು ತಂದು ಮಕ್ಕಳನ್ನ ಎತ್ತಿಕೊಂಡು ಹೋಗ್ತಾರೆ."

"ಕಾಲಿಗೆ ಬೀಳಬೇಡ, ಮೊಣಕಾಲು ಮೊದಲೇ ಸರಿ ಇಲ್ಲ. ಇವತ್ತು ನಾನು ಬಂದೆ. ನಾಳೆ ನನಗೇ ಜ್ವರ ಬಂದು ಮಲಗಿದರೆ ಯಾರು ಬರ್ತಾರೆ? ನಿನ್ನನ್ನ ಬೈಯಲಿಕ್ಕೆ ಅಲ್ಲ ಹೇಳೋದು. ನಿನಗೂ ಒಬ್ಬರು ಬೇಕು, ಇದಕ್ಕೂ ಒಬ್ಬರು ಬೇಕು. ನಾನೊಬ್ಬಳೇ ಸಾಲಲ್ಲ."

ಅವಳು ಮುಖ ತಿರುಗಿಸಿಕೊಂಡಳು. ಹುಡುಗಿ ಅವತ್ತು ನನ್ನ ಮನೆಯಲ್ಲಿ ತಳ ಹಿಡಿದ ಅನ್ನ ಉಂಡು, ನನ್ನ ಪಕ್ಕದಲ್ಲೇ ಮಲಗಿತು. ಅವಳಿಗೂ ಒಂದು ತಟ್ಟೆ ಕಳಿಸಿದೆ. ಉಂಡಳೋ ಬಿಟ್ಟಳೋ, ತಟ್ಟೆ ಖಾಲಿ ವಾಪಸ್ ಬಂತು.

ಆಮೇಲೆ ಏನಾಯ್ತು ಅಂತ ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಜೀಪು ಬಂತು, ಹೌದು. ಅದರಲ್ಲಿ ಬಂದ ಮಕ್ಕಳ ರಕ್ಷಣೆಯವರು ಮಕ್ಕಳನ್ನು ಎತ್ತಿಕೊಂಡು ಹೋಗಲಿಲ್ಲ. ಅಂಗಳದಲ್ಲಿ ದೂರ ದೂರ ಕುರ್ಚಿ ಹಾಕಿಕೊಂಡು ಅವಳ ಹತ್ತಿರ ಬೇರೆ, ಹುಡುಗಿಯ ಹತ್ತಿರ ಬೇರೆ ಮಾತಾಡಿದರು. ಕೂಸಿಗೆ ಔಷಧಿ ಕೊಡಿಸಿದರು, ಮತ್ತೂ ಬಂದರು. ಲೈನಿನ ಹೆಂಗಸರು ಸರದಿಯ ಮೇಲೆ ಹುಡುಗಿಯನ್ನು ಜಗಲಿಗೆ ಕರೆದು ಕೂರಿಸಿಕೊಂಡರು. ಘಾಟಿ ಬಿಟ್ಟ ಮೇಲೆ ಗಂಡ ಬಂದ. ಅವಳು ಮತ್ತೆ ಕೈ ಎತ್ತಲೇ ಇಲ್ಲ ಅಂತ ಸುಳ್ಳು ಹೇಳಲಾರೆ. ಎತ್ತಿದಾಗೆಲ್ಲ ನಾನು ಗೋಡೆ ಗುದ್ದಿದ್ದೇನೆ, ಅವಳು ಆ ಕಡೆಯಿಂದ "ಆಯ್ತು ದೊಡ್ಡಮ್ಮ, ಬಿಟ್ಟೆ" ಅಂದಿದ್ದಾಳೆ. ಹುಡುಗಿ ಈಗ ಕೊಪ್ಪದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುತ್ತದೆ. ಅದರ ಮೈಮೇಲೆ ಬರೆಯ ಗುರುತಿಲ್ಲ. ನನ್ನ ಮೇಲೆ ಪ್ರೀತಿ ಅಂತೇನೂ ಇಲ್ಲ, ಕಂಡರೆ ಓಡುತ್ತದೆ, ಕೆಲಸ ಹೇಳುತ್ತೇನೆ ಅಂತ.

ಆ ರಾತ್ರಿ ಕಳೆದು ಮಾರನೇ ದಿನ ಬೆಳಿಗ್ಗೆ ಎದ್ದು ಮುಖ ತೊಳೆದು ಅವಳ ಮನೆಗೆ ಹೋದೆ. ಕೂಸನ್ನು ಅವಳ ಮಗ್ಗುಲಿನಿಂದ ಎತ್ತಿಕೊಂಡು, "ಬಿಸಿಲು ಏರುವವರೆಗೆ ಮಲಗು" ಅಂದೆ. "ಹೇಳಲಿಕ್ಕೆ ಹೋಗ್ತಿದ್ದೀರಾ?" ಅಂದಳು. ಹೌದು ಅಂದೆ. ಬೇಡ ಅನ್ನಲಿಲ್ಲ, ಹೊದಿಕೆ ಮುಖದ ಮೇಲೆ ಎಳೆದುಕೊಂಡಳು. ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಎಸ್ಟೇಟಿನ ಗೇಟಿನವರೆಗೆ ನಡೆದು, ಮೋರಿ ಕಟ್ಟೆ ಮೇಲೆ ಕೂತೆ. ಆಶಾ ಸ್ಕೂಟಿಯಲ್ಲಿ ಬಂದು, ದೂರದಲ್ಲೇ ನಿಲ್ಲಿಸಿ, "ಎಂತ ಅಜ್ಜಿ, ಮಾಸ್ಕ್ ಎಲ್ಲಿ?" ಅಂತ ರೇಗಿದಳು. "ಆಮೇಲೆ ಬೈಯುವಿಯಂತೆ, ಇಳಿ" ಅಂದೆ. ಅವಳು ಇಳಿದಳು. ಸೆರಗು ಬಾಯಿಗೆ ಕಟ್ಟಿಕೊಂಡು, ಮೊದಲ ಪೆಟ್ಟಿನಿಂದ ಹಿಡಿದು ಎಲ್ಲ ಹೇಳಿದೆ.